ಓದುಗ ಒಂದರಿಂದ ಹತ್ತರವರೆಗೆ

ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುವವರ ಒಂದು ಗುಟ್ಟು ಹೇಳಿಬಿಡುತ್ತೇನೆ. ವೇದಿಕೆ ಹತ್ತುವ ಮೊದಲು ಎದುರಾಳಿಯ ವಾದವನ್ನೂ ನಾವೇ ಬರೆದುಕೊಳ್ಳುತ್ತೇವೆ. ಬರೆಯುವಾಗ ಅವನನ್ನು ತುಸು ದಡ್ಡನನ್ನಾಗಿ ಮಾಡಿರುತ್ತೇವೆ. ಹಾಗಾಗಿ ಮನೆಯೊಳಗೆ ನಾನು ಇಂದಿನವರೆಗೆ ಒಂದು ಚರ್ಚೆಯನ್ನೂ ಸೋತಿಲ್ಲ.

ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ವೆಬ್ ಆ್ಯಪ್ ಕಟ್ಟುವಾಗಲೂ ಇದೇ ಚಟ ಕೈಹಿಡಿಯಿತು. ಆಂಧ್ರದ ಆದೋನಿಯ ನಮ್ಮ ಓಣಿಯ ವಾಚನಾಲಯದಲ್ಲಿ, ತೆಲುಗು ಪತ್ರಿಕೆಗಳ ನಡುವೆ, ಕನ್ನಡ ಪುಸ್ತಕಗಳದ್ದು ಒಂದೇ ಕಪಾಟು. ನೋಡಿಕೊಳ್ಳುವವರು ಪಂಪಕ್ಕ. ಯಾವಾಗ ನೋಡಿದರೂ ಆ ಕಪಾಟು ಖಾಲಿ. ಅಧ್ಯಕ್ಷರಾದ ಹತ್ತಿ ವ್ಯಾಪಾರಿ ಬಸಪ್ಪನವರಿಗೆ ಆ ಜಾಗದಲ್ಲಿ ಟಿವಿ ಇಡಿಸುವ ಆಸೆ. ಓದುವವರಿದ್ದಾರೆಂದು ಭಾನುವಾರದೊಳಗೆ ತೋರಿಸಿ, ಇಲ್ಲವಾದರೆ ಕಪಾಟು ಎತ್ತಿಸುತ್ತೇನೆ ಎಂದಿದ್ದರು. ಕನ್ನಡವನ್ನು ಉಳಿಸುವ ವೀರನಾರಿಯ ಜಾಗ ತೆರವಾಗಿತ್ತು. ನಾನು ತುಂಬಿದೆ.

ಆ್ಯಪ್ ಸದ್ಯಕ್ಕೆ ನನ್ನ ಲ್ಯಾಪ್‌ಟಾಪಿನೊಳಗೇ ಓಡುತ್ತಿತ್ತು. ಎರಡು ದಿನ ಕಪ್ಪು ಪರದೆ ಕೆಂಪಕ್ಷರಗಳಲ್ಲಿ ನನ್ನನ್ನು ಬೈದು, ಮೂರನೆಯ ದಿನ ಸುಮ್ಮನಾಯಿತು. ಪರೀಕ್ಷಿಸಲು ಓದುಗರು ಬೇಕಲ್ಲ? ಸೃಷ್ಟಿಸಿದೆ: ಓದುಗ ಒಂದು, ಓದುಗ ಎರಡು, ಹೀಗೆ ಹತ್ತರವರೆಗೆ. ಎಲ್ಲರೂ ಪುಸ್ತಕ ಒಯ್ದರು, ಹದಿನೈದನೆಯ ದಿನಕ್ಕೆ ಸರಿಯಾಗಿ ತಂದಿಟ್ಟರು. ಪರದೆಯ ತುಂಬ ಹಸಿರು ಗುರುತು. ಇಷ್ಟು ಸಭ್ಯರು ಯಾವ ಊರಿನಲ್ಲಿದ್ದಾರೆ ಎಂಬ ಅನುಮಾನ, ದೇವರನ್ನೇ ಅನುಮಾನಿಸುವ ನನಗೆ ಬರಲಿಲ್ಲ.

ಶನಿವಾರ ಪಂಪಕ್ಕನ ರಿಜಿಸ್ಟರನ್ನು ಆ್ಯಪಿಗೆ ತುಂಬಲು ಕುಳಿತೆ. ಮೊದಲ ಪುಸ್ತಕಕ್ಕೇ ಮುಗ್ಗರಿಸಿದೆ.

"ಇದನ್ನ ಚಿಪ್ಪಗಿರಿ ಊರಿನ ಟೀಚರಮ್ಮ ಒಯ್ದಿದ್ಲು. ಆಕಿ ಓದಿ ಬಸ್ ಸ್ಟ್ಯಾಂಡಿನಾಗ ನಾಗಲದಿನ್ನಿ ಶಾರದಮ್ಮಗ ಕೊಟ್ಟಾಳ" ಅಂದರು ಪಂಪಕ್ಕ.

"ನಡುವ ವಾಪಸ್ ಯಾವಾಗ ಬಂತಕ್ಕಾ?"

"ವಾಪಸ್ ಯಾಕ ಬರಬೇಕು? ಇಲ್ಲೇನು ಕಪಾಟು ಓದ್ತೈತೇನು?"

ಹಿಂದಿರುಗಿಸುವ ನಿಯಮವಿಲ್ಲದ ಗ್ರಂಥಾಲಯ ಗ್ರಂಥಾಲಯವೇ ಅಲ್ಲವೆಂದು ಮೂರು ಅಂಶಗಳಲ್ಲಿ ಮಂಡಿಸಿದೆ. ಪಂಪಕ್ಕ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿ, "ಛಲೋ ಮಾತಾಡ್ತಿ ತಂಗಿ" ಅಂದರು. ಸಮಾಧಾನಕರ ಬಹುಮಾನ ಕೊಡುವವರ ದನಿ.

ಓಲೆಗರಿಯ ಕಾಲದಲ್ಲಿ ಉಳಿದ ಗ್ರಂಥಗಳು ಬಹುಪಾಲು ಕೈಯಿಂದ ಕೈಗೆ ಹೋಗಿ ನಕಲಾದವು. ಗಂಟು ಕಟ್ಟಿ ಭದ್ರವಾಗಿಟ್ಟವನ್ನು ಹುಳುಗಳು ಓದಿ ಮುಗಿಸಿದವು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಇದೇ ವಿಷಯಕ್ಕೆ ಒಮ್ಮೆ ಕಪ್ ಗೆದ್ದಿದ್ದೇನೆ. ಗೆದ್ದ ಮೇಲೆ ವಾದವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಭಾನುವಾರ ಬಸಪ್ಪನವರ ಮುಂದೆ ಲ್ಯಾಪ್‌ಟಾಪ್ ತೆರೆದೆ. ಹದಿನೈದು ದಿನದೊಳಗೆ ಬಾರದ ಪುಸ್ತಕ ಕಳೆದಂತೆ ಎಂದು ನಾನು ಕಲಿಸಿದ ನಿಯಮವನ್ನು ಆ್ಯಪ್ ಚಾಚೂ ತಪ್ಪದೆ ಪಾಲಿಸಿತು: ಹಿಂದಿರುಗಿದ ಪುಸ್ತಕ ಸೊನ್ನೆ, ಎಲ್ಲ ಪುಸ್ತಕಗಳೂ ಕಳೆದಿವೆ, ಓದುಗರೆಲ್ಲರಿಗೂ ನಿರ್ಬಂಧ.

ಬಸಪ್ಪನವರ ಮುಖ ಅರಳಿತು. "ಚೂಡಮ್ಮಾ, ನೋಡಿಲ್ಲಿ, ನಿನ್ನ ಯಂತ್ರಾನ ಹೇಳಾಕತ್ತೈತಿ. ಪುಸ್ತಕಾನೂ ಇಲ್ಲ, ಓದೋರೂ ಇಲ್ಲ."

ಕಪಾಟಿನ ಪರ ವಕಾಲತ್ತು ವಹಿಸಿದವಳು ಎದುರು ಪಕ್ಷಕ್ಕೆ ಸಾಕ್ಷಿ ಒದಗಿಸಿ ನಿಂತಿದ್ದೆ. ಪಂಪಕ್ಕ ಮಾತ್ರ ಫೋನ್ ತೆಗೆದು, ಶಾರದಮ್ಮನಿಗೆ ಹಚ್ಚಿ, ಸ್ಪೀಕರ್ ಒತ್ತಿದರು.

ಹಲೋ ಕೂಡ ಇಲ್ಲದೆ ನಾಗಲದಿನ್ನಿಯಿಂದ ದನಿ ಸಿಡಿಯಿತು: "ಅಕ್ಕಾ, ಆ ಮಾಧವರಂ ಊರಿನಾಕಿಗೆ ಸ್ವಲ್ಪ ಹೇಳ್ರಿ! ನನಗ ಇನ್ನಾ ಎರಡು ಅಧ್ಯಾಯ ಅದಾವ. ಪುಸ್ತಕ ಕೊಡು ಅಂತ ದಿನಾ ಫೋನ್ ಮಾಡಿ ಜೀವ ತಿಂತಾಳ."

ಬಸಪ್ಪನವರು ಫೋನಿನತ್ತ ಬಾಗಿದರು. "ಅಂಥಾದ್ದೇನೈತಿ ಆ ಬುಕ್ಕಿನಾಗ?"

"ಓದಿದ್ರ ಗೊತ್ತಾಕ್ಕೈತಿ" ಅಂದರು ಪಂಪಕ್ಕ. "ಆದ್ರ ಪಾಳಿ ಐತ್ರಿ ಸಾವ್ಕಾರ್ರ. ಮಾಧವರಂದಾಕಿ ಆದಮ್ಯಾಲ ನಿಮ್ಮ ಹೆಸರು ಬರಕೊಳ್ಳಲೇನು?"

ಅವರು ಗಂಟಲು ಸರಿಮಾಡಿಕೊಂಡರು. "ಬರಕೋ." ಟಿವಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ್ಯಪನ್ನು ತಿದ್ದಿದ್ದೇನೆ. ಈಗ ಓದುಗ ಮೂರು ನನ್ನನ್ನು ಕೇಳದೆಯೇ ಪುಸ್ತಕವನ್ನು ಓದುಗ ಏಳರ ಕೈಗೆ ದಾಟಿಸುತ್ತಾನೆ. ಸಭ್ಯರು ಸ್ವಲ್ಪ ಕೆಟ್ಟಿದ್ದಾರೆ. ಹೆಮ್ಮೆಯಿಂದ ಪಂಪಕ್ಕನಿಗೆ ತೋರಿಸಿದೆ.

"ಛಲೋ ಐತಿ. ನನ್ನ ಫೋನಿನಾಗ ತೆಗಿ ಮತ್ತ."

"ಇಲ್ಲಕ್ಕಾ, ಸದ್ಯಕ್ಕ ಇದು ನನ್ನ ಲ್ಯಾಪ್‌ಟಾಪಿನಾಗ ಅಷ್ಟ ಓಡ್ತೈತಿ. ಹೊರಗಿನೋರಿಗೆ ಕಾಣಂಗಿಲ್ಲ."

ಪಂಪಕ್ಕ ಎದ್ದು ಕಪಾಟಿನ ಬಾಗಿಲು ತೆರೆದರು. ನಡುವಿನ ಖಾಲಿ ಹಲಗೆಯನ್ನು ಸೆರಗಿನಿಂದ ಒರೆಸಿದರು.

"ಹಂಗಾದ್ರ ಇಲ್ಲಿಡು ತಂಗಿ. ಯಾರೂ ಒಯ್ಯದ ಸಾಮಾನು ಇಡಾಕ ಅಲ್ಲೇನು ಈ ಕಪಾಟಿರೋದು?"

ನಾನು ವಾದಿಸಲಿಲ್ಲ. ಇಟ್ಟೆ.