ತನ್ನ ಸರಕನ್ನೇ ದೂರುವ ಪಟ್ಟಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುದುರೆ ಲಾಯದ ಪಕ್ಕದ ಕಿರುಕೋಣೆಯಲ್ಲಿ ಒಬ್ಬ ಹೆಂಗಸು ತಮ್ಮ ಮುಂಗೈಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಲಗಾಮನ್ನು ಗಿರಾಕಿಯ ಕೈಗೆ ಕೊಡುತ್ತಿದ್ದಾರೆ.

"ಎಳೀರಿ ಸಾರ್. ನಾಚ್ಕೋಬೇಡಿ, ಕುದುರೇನ ಹೇಗೆ ಎಳೀತೀರೋ ಹಾಗೇ ಎಳೀರಿ."

ಗಿರಾಕಿ ಎಳೆಯುತ್ತಾರೆ.

"ಈಗ ಬಿಡಿ."

ಬಿಡುತ್ತಾರೆ. ಪಟ್ಟಿ ಮಾತ್ರ ಸಡಿಲವಾಗುವುದಿಲ್ಲ. ಮುಂಗೈ ಮೇಲೆ ಕೆಂಪು ಗೆರೆ ಮೂಡುತ್ತದೆ.

"ನೋಡಿದ್ರಾ? ನೀವು ಬಿಟ್ರಿ, ಇದು ಬಿಡ್ಲಿಲ್ಲ. ಇವತ್ತು ಇದನ್ನ ಕೊಡಲ್ಲ, ನಾಳೆ ಬನ್ನಿ."

ಇವರೇ ಪಟ್ಟಿಯಕ್ಕ. ಸವಾರಿ ಶಾಲೆಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅದೇ ಹೆಸರು. ಕುದುರೆಗಳಿಗೆ ಮೇವು ಹಾಕುವ ಇವರ ಗಂಡನೂ ಒಮ್ಮೊಮ್ಮೆ ಮೈಮರೆತು ಹಾಗೇ ಕರೆದು ಬೈಸಿಕೊಳ್ಳುತ್ತಾರೆ. ಪಟ್ಟಿಯಕ್ಕ ಹೊಲಿಯುವುದು ಬಾಯಿಗೆ ಕಬ್ಬಿಣವಿಲ್ಲದ ಕಡಿವಾಣ. ಸವಾರ ಲಗಾಮು ಎಳೆದರೆ ಅದು ಕುದುರೆಯ ಬಾಯನ್ನಲ್ಲ, ಮೂಗಿನ ಮೇಲಿನ ಪಟ್ಟಿಯನ್ನು ಬಿಗಿಯುತ್ತದೆ. ಪ್ರಾಣಿಗಳೆಂದರೆ ಕರಗುವ ಜನ ಇದನ್ನೇ ಹುಡುಕಿಕೊಂಡು ಬರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈಕೆ ಮಾತ್ರ ತಮ್ಮ ಸರಕಿನ ಜಾತಕವನ್ನೆಲ್ಲ ಜಾಲಾಡಿದ ಮೇಲೆಯೇ ಮಾರುವುದು.

"ಕಬ್ಬಿಣ ಇಲ್ಲ ಅಂದ್ರೆ ನೋವೇ ಇಲ್ಲ ಅಂದ್ಕೊಂಡುಬಿಡ್ತಾರೆ," ಎಂದು ಮೇಣದ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುತ್ತಾರೆ. "ಮೂಗಿನ ಮೇಲೆ ಇರೋದು ತೆಳ್ಳಗಿನ ಚರ್ಮ, ಅದರ ಕೆಳಗೆ ಮೂಳೆ. ಪಟ್ಟಿ ಸ್ವಲ್ಪ ಕೆಳಗೆ ಜಾರ್ತು ಅನ್ನಿ, ಅಲ್ಲಿ ಆ ಮೂಳೆನೂ ಇಲ್ಲ, ಉಸಿರಾಡೋಕೇ ಕಷ್ಟ. ಬೆವರಿಗೆ ಮರಳು ಅಂಟಿದ್ರೆ ಉಜ್ಜಿ ಉಜ್ಜಿ ಗಾಯ. ಬೆದರಿ ಓಟ ಕಿತ್ತ ಕುದುರೆ ಎಷ್ಟೋ ಸಲ ಇದಕ್ಕೆ ನಿಲ್ಲೋದೂ ಇಲ್ಲ. ಕಬ್ಬಿಣ ಇಲ್ವಲ್ಲ ಅನ್ನೋ ಧೈರ್ಯಕ್ಕೆ ಕೆಲವರು ಜಗ್ಗ್ತಾನೇ ಇರ್ತಾರೆ, ನೋಡಿ, ಅದು ಎಲ್ಲಕ್ಕಿಂತ ಕೆಟ್ಟದ್ದು."

ಹಾಗಾದರೆ ಹೊಲಿಯುವುದಾದರೂ ಯಾಕೆ ಎಂದು, ಇವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳಿದರೆ, ಪಟ್ಟಿಯಕ್ಕ ಸೂಜಿ ಹಿಡಿದ ಕೈಯಲ್ಲೇ ಲಾಯದ ಕಡೆ ತೋರಿಸುತ್ತಾರೆ. ಅಲ್ಲಿ ದೊರೆಸಾನಿ ನಿಂತಿದ್ದಾಳೆ, ಕಂದು ಬಣ್ಣದ ಮುದಿ ಕುದುರೆ. ಹುಳುಕು ಹಲ್ಲು ಕೀಳಿಸಿದ ಮೇಲೆ ಅವಳ ವಸಡು ಸರಿಯಾಗಿ ಕೂಡಲಿಲ್ಲ. ಕಬ್ಬಿಣ ತಾಕಿದರೆ ತಲೆ ಕೊಡವುತ್ತಾಳೆ. ಪಟ್ಟಿಯಕ್ಕನ ಮಗಳು ಇಂದು ಇದೇ ಶಾಲೆಯಲ್ಲಿ ಸವಾರಿ ಕಲಿಸುವ ಮೇಡಂ. "ನನ್ ಮಗಳು ಮೊದಲ ಸಲ ಬಿದ್ದಿದ್ದೂ ದೊರೆಸಾನಿ ಮೇಲಿಂದ, ಅತ್ತಿದ್ದೂ ಅವಳ ಕತ್ತಿಗೇ ಒರಗಿ," ಎನ್ನುತ್ತಾರೆ ಈ ತಾಯಿ.

ದೊರೆಸಾನಿಗೆಂದು ಹೊಲಿದ ಮೊದಲ ಕಡಿವಾಣ ಪ್ರೀತಿಯಿಂದಲೇ ಕೆಟ್ಟಿತು. ಮೂಗಿಗೆ ಒತ್ತಬಾರದೆಂದು ಪಟ್ಟಿಯಕ್ಕ ಒಳಗೆ ದಪ್ಪನೆಯ ಉಣ್ಣೆ ಹಾಕಿದರು. ಅತಿಯಾದರೆ ಅಮೃತವೂ ವಿಷ. ಉಣ್ಣೆ ಬೆವರಿಗೆ ನೆನೆದು ಅಮುಕಿಕೊಂಡಿತು, ಪಟ್ಟಿ ಜಾರಿ ಮೂಗಿನ ಮೆತ್ತನೆಯ ಜಾಗಕ್ಕೆ ಬಂತು. ಅದೇ ಹೊತ್ತಿಗೆ ಲಾಯದಲ್ಲಿ ಮೇವಿನ ಬಕೆಟ್ ಸದ್ದಾಗಿ ದೊರೆಸಾನಿ ಗೇಟಿನ ಕಡೆ ಓಡಿದಳು. ಮಗಳು ಹೆದರಿ ಲಗಾಮು ಜಗ್ಗಿ ಹಿಡಿದಳು. ಉಸಿರು ಕಟ್ಟಿದ ಕುದುರೆ ಇನ್ನೂ ಜೋರಾಗಿ ಓಡಿತು. ಮಗಳ ಮಣಿಕಟ್ಟು ಮುರಿಯಿತು.

"ಮಕ್ಕಳು ಹತ್ತೋ ಕುದುರೆ ಅಮ್ಮ ಇದು," ಎಂದರಂತೆ ಶಾಲೆಯ ಯಜಮಾನರು. "ಬಕೆಟ್ ಸದ್ದಿಗೆ ಇನ್ನೊಂದು ಸಲ ಓಡಿದ್ರೆ ಇಟ್ಕೊಳ್ಳೋಕಾಗಲ್ಲ, ಬೇರೆ ಕಡೆ ಕಳಿಸಿಬಿಡ್ತೀನಿ." ಆ ಮಾತಿನಲ್ಲಿ ತಪ್ಪು ಹುಡುಕಲು ಪಟ್ಟಿಯಕ್ಕನಿಗೂ ಆಗಲಿಲ್ಲ.

ಉಣ್ಣೆ ಕಿತ್ತರು. ತೆಳ್ಳನೆಯ ಚರ್ಮವನ್ನು ಮೂಳೆಯ ಮೇಲೆ, ಕೆನ್ನೆಮೂಳೆಗಿಂತ ಎರಡು ಬೆರಳು ಕೆಳಗೆ ಕೂರಿಸಿದರು. ಕೈ ಸಡಿಲಿಸಿದೊಡನೆ ಪಟ್ಟಿಯೂ ಸಡಿಲವಾಗುವ ತನಕ ಬಿಚ್ಚಿ ಹೊಲಿದರು. ಮುಂಗೈಗೆ ಕಟ್ಟಿ ಎಳೆಸಿ ನೋಡುವ ಪದ್ಧತಿ ಶುರುವಾಗಿದ್ದು ಆಗಲೇ. ಮೊದಲು ಎಳೆದದ್ದು ಮಗಳು, ವಾಸಿಯಾದ ಕೈಯಿಂದ. ಆಮೇಲೆ ಆಕೆ ವಾರಗಟ್ಟಲೆ ದೊರೆಸಾನಿಯ ಪಕ್ಕ ನಡೆಯುತ್ತ, ಬರೀ ಮಾತಿಗೆ ನಿಲ್ಲುವುದನ್ನು ಅಭ್ಯಾಸ ಮಾಡಿಸಿದಳು.

ಇವತ್ತು ಪರೀಕ್ಷೆ: ಮಗಳನ್ನು ಹೊತ್ತ ದೊರೆಸಾನಿ ಬಕೆಟ್ ಸದ್ದಿಗೆ ಓಡುತ್ತಾಳೋ, ನಿಲ್ಲುತ್ತಾಳೋ ಎಂದು. ಗೇಟು ತೆರೆದೇ ಇದೆ. ಯಜಮಾನರು ಕಟಕಟೆಗೆ ಒರಗಿ ನಿಂತಿದ್ದಾರೆ. ಬಕೆಟ್ ಅಲ್ಲಾಡಿಸುವ ಪಾಪದ ಕೆಲಸ ಪಟ್ಟಿಯಕ್ಕನ ಗಂಡನ ಪಾಲಿಗೆ ಬಂದಿದೆ. "ಮೆಲ್ಲಗೆ ಅಲ್ಲಾಡಿಸಿದ್ರೆ ಮೋಸ, ಜೋರಾಗಿ ಅಲ್ಲಾಡಿಸಿದ್ರೆ ಇವಳು ನನಗೆ ಊಟ ಹಾಕಲ್ಲ," ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. ಪಟ್ಟಿಯಕ್ಕ ನೋಡುವುದಿಲ್ಲ, ಬೆನ್ನು ತಿರುಗಿಸಿ ಗೋಡೆಯ ಮೊಳೆಗಳನ್ನು ನೋಡುತ್ತ ನಿಂತಿದ್ದಾರೆ.

ಬಕೆಟ್ ಸದ್ದಾಗುತ್ತದೆ, ಮೋಸವಿಲ್ಲದಷ್ಟು ಜೋರಾಗಿಯೇ. ಗೊರಸಿನ ಸದ್ದು ಚುರುಕಾಗುತ್ತದೆ. "ಹೋ... ದೊರೆಸಾನಿ, ಹೋ," ಎಂದು ಮಗಳ ದನಿ. ಆಮೇಲೆ ಗೊರಸಿನ ಸದ್ದೇ ಇಲ್ಲ.

"ನಿಂತಳಾ?" ಪಟ್ಟಿಯಕ್ಕ ಗೋಡೆಯನ್ನೇ ಕೇಳುತ್ತಾರೆ.

"ನಿಂತಳಮ್ಮ. ತಿರುಗಿ ನೋಡು," ಎನ್ನುತ್ತಾಳೆ ಮಗಳು.

ಗೇಟಿಗೆ ಮಾರು ದೂರದಲ್ಲಿ ದೊರೆಸಾನಿ ಕಿವಿ ನಿಮಿರಿಸಿ, ಬಕೆಟ್ಟನ್ನೇ ನೋಡುತ್ತ ನಿಂತಿದ್ದಾಳೆ. ಲಗಾಮು ಜೋತಾಡುತ್ತಿದೆ. "ಅವಳಿಗೆ ಮೊದಲು ಮೇವು ಹಾಕ್ರಪ್ಪ, ಇಲ್ಲೇ ಇರ್ತಾಳಲ್ಲ," ಎಂದು ಯಜಮಾನರು ನಗುತ್ತ ಹೊರಡುತ್ತಾರೆ.

ಪಟ್ಟಿಯಕ್ಕ ಹೋಗಿ ಪಟ್ಟಿಯನ್ನು ಸರಿಸಿ, ಮೂಗಿನ ಮೇಲೆ ಬೆರಳಾಡಿಸುತ್ತಾರೆ. ಕೂದಲು ಎಲ್ಲೂ ಕದಲಿಲ್ಲ. ಈಗ ಅವರ ಕಣ್ಣಲ್ಲಿ ನೀರು.

"ಬರ್ಕೊಳ್ಳಿ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಇವತ್ತು ನನ್ನ ಪಟ್ಟಿಗೆ ಕೆಲಸಾನೇ ಇರ್ಲಿಲ್ಲ."