ಕಾಶವ್ವ ನೀರು ಕುಡಿದ ದಿನ

ಹೈಕೋರ್ಟಿನ ವಿಚಾರಣೆ ಗುಟ್ಟಿನ ವ್ಯವಹಾರವಲ್ಲ. ಗೇಟಿನಲ್ಲಿ ಪಾಸು ಮಾಡಿಸಿಕೊಂಡು ಯಾರು ಬೇಕಾದರೂ ಒಳಗೆ ಕೂತು ಕೇಳಬಹುದು. ಬ್ರಿಟಿಷರ ಕಾಲದಿಂದ ನಿಂತಿರುವ ಮುಂಬಯಿಯ ಆ ಕಲ್ಲಿನ ಕಟ್ಟಡದ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ನಮಗೇ ಇದು ಗೊತ್ತಿಲ್ಲ. ಇನ್ನು ದಹಿಸರಿನ ಸಾಲುಮನೆಗಳ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ವಿಜಯಪುರದ ಕಾಶವ್ವನಿಗೆ ಹೇಗೆ ಗೊತ್ತಿರಬೇಕು? ಅವಳ ಪಾಲಿಗೆ ಕೋರ್ಟೆಂದರೆ ಗಂಡಸರು ಹೋಗಿ ಸೋತು ಬರುವ ಜಾಗ.

ಆದರೆ ಚಾಳಿನವರು ಬೇಸತ್ತು ಜಾಗ ಖಾಲಿ ಮಾಡಲಿ ಎಂದು ಬಿಲ್ಡರನೊಬ್ಬ ಅಲ್ಲಿನ ಹೆಂಗಸರೆಲ್ಲರಿಗೂ ಇದ್ದ ಒಂದೇ ಸಂಡಾಸಿಗೇ ಬೀಗ ಜಡಿದ. ಹೆಂಗಸರು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟರು. ಮೋಡ ಮುಟ್ಟುವ ಬಿಲ್ಡಿಂಗುಗಳ ಈ ಊರಿನಲ್ಲಿ ಸಂಡಾಸಿನ ಬಾಗಿಲು ತೆಗೆಸಲು ಹೈಕೋರ್ಟೇ ಬೇಕಾಯಿತು. ನಾಚಿಕೆ ಯಾರಿಗಾದರೂ ಆಯಿತೇ?

ಚಾಳಿನವರ ಪರವಾಗಿ ಅರ್ಜಿ ಹಾಕಿದವಳು ಕಾಂದಿವಲಿಯಲ್ಲೇ ಹುಟ್ಟಿ ಬೆಳೆದ ಬೆಳಗಾವಿ ಮನೆತನದ ವಕೀಲೆ ದಾನೇಶ್ವರಿ. ವಿಚಾರಣೆಯ ದಿನ ಕಾಶವ್ವ ಅವಳ ಹಿಂದೆ ಬಂದವಳೇ ಕೋರ್ಟಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು.

"ಮಾವಶಿ, ಇದು ಮಂದಿರ ಅಲ್ಲ," ಎಂದ ಬಾಗಿಲಲ್ಲಿದ್ದ ಸಿಪಾಯಿ.

"ಗುಡಿ ಅಲ್ಲಂದ್ರ ಒಳಗ ಹೋಗೋರೆಲ್ಲಾ ಯಾಕ ನಡಾ ಬಗ್ಗಸಾಕತ್ತಾರ?"

ದಾನೇಶ್ವರಿ ನಗು ನುಂಗಿದಳು. "ಕಾಕು, ಅದು ಜಡ್ಜ್ ಸಾಹೇಬ್ರಿಗೆ ರಿಸ್ಪೆಕ್ಟ್, ಅಷ್ಟೇ."

"ರಿಸ್ಪೆಕ್ಟ್ ಅಂದ್ರ ಪೂರಾ ಮಾಡಬೇಕವ್ವಾ," ಎಂದು ಕಾಶವ್ವ ಬರಿಗಾಲಲ್ಲೇ ಒಳಗೆ ನಡೆದಳು.

ಬಿಲ್ಡರನ ವಕೀಲ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. "ನೀವೆಲ್ಲಾ ಬಾಜೂ ಬಿಲ್ಡಿಂಗಿನ ಸಂಡಾಸಿಗೆ ಹೋಗ್ತೀರಂತ, ಯಾರಿಗೂ ತಕ್ಲೀಫ್ ಇಲ್ಲಂತ," ಎಂದು ದಾನೇಶ್ವರಿ ಪಿಸುಗುಟ್ಟಿದ್ದೇ ತಡ, ಕಾಶವ್ವ ಎದ್ದು ನಿಂತಳು. ಸಿಪಾಯಿ ಕೂರಿಸಲು ಬಂದ. ನ್ಯಾಯಮೂರ್ತಿಗಳು ಕೈಯೆತ್ತಿ ತಡೆದು, ಹೇಳಮ್ಮ ಎಂದರು. ಅವಳು ತನ್ನ ಕಲಬೆರಕೆ ಮರಾಠಿಯಲ್ಲಿ ಶುರುಮಾಡಿದಳು:

"ಸಾಹೇಬರ, ಬಾಜೂದವರು ನಮ್ಮನ್ನ ಗೇಟಿನಾಗೂ ಬಿಡಂಗಿಲ್ಲ. ದಿನಾ ಸಂಜೀತನಕ ನಾ ನೀರು ಮುಟ್ಟಂಗಿಲ್ಲ. ಇವತ್ತ ಮಾತ್ರ ಹೊಟ್ಟಿ ತುಂಬ ಕುಡದೀನಿ. ನಿಮ್ಮ ಕೋರ್ಟಿನ ಸಂಡಾಸಕ್ಕ ಬೀಗ ಇಲ್ಲ ನೋಡ್ರಿ."

ಕೋಣೆ ಗೊಳ್ಳೆಂದು ನಕ್ಕಿತು. ನ್ಯಾಯಮೂರ್ತಿಗಳು ಮಾತ್ರ ನಗದೆ ಬಿಲ್ಡರನ ವಕೀಲನತ್ತ ತಿರುಗಿದರು. "ನಿಮ್ಮ ಕಕ್ಷಿದಾರರ ಆಫೀಸಿನ ಟಾಯ್ಲೆಟ್ಟಿಗೂ ಬೀಗ ಹಾಕಿಸೋಣವೇ?"

ಸಂಜೆಯೊಳಗೆ ಬೀಗ ತೆಗೆಯಬೇಕೆಂದು ಆದೇಶವಾಯಿತು.

ಹೊರಗೆ ಬಂದರೆ ಚಪ್ಪಲಿ ಬಿಟ್ಟಲ್ಲೇ ಇದ್ದವು. "ಗುಡಿಗಿಂತ ಚಲೋ ಜಾಗ," ಎಂದಳು ಕಾಶವ್ವ, ಮೆಟ್ಟಿಕೊಳ್ಳುತ್ತ. ಸಂಜೆ ಸಂಡಾಸಿನ ಬೀಗ ತೆಗೆದರು. ಚಾಳಿನ ಹೆಂಗಸರು ತಂಬಿಗೆಗಟ್ಟಲೆ ನೀರು ಕುಡಿದು ನಕ್ಕರು.

ನಿಮ್ಮ ಓಣಿಯಲ್ಲೂ ಯಾರೋ ಬೀಗ ಜಡಿದ ಬಾಗಿಲೊಂದಿದೆ, ಅದು ನಿಮಗೆ ಗೊತ್ತು. ಅಕ್ಕಪಕ್ಕದವರನ್ನು ಕರೆದುಕೊಂಡು ನಾಳೆಯೇ ಒಬ್ಬ ವಕೀಲರ ಹತ್ತಿರ ಹೋಗಿ. ಅದನ್ನು ತೆಗೆಸಿ.