ಮೂರು ಸುತ್ತಿನ ಭಾನುವಾರ

ಒಂದೇ ಹಗಲು-ರಾತ್ರಿಯಲ್ಲಿ ಸಾವಿರ ಕಿಲೋಮೀಟರ್ ಬೈಕ್ ಓಡಿಸಬೇಕೆಂಬ ಆಸೆಯನ್ನು ಅಪ್ಪನಿಗೆ ತಿಳಿಸಿದಾಗ ಅವರು ಕುರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದರು. ತಲೆಯೆತ್ತದೆಯೇ ಕೇಳಿದರು: "ದಾರೀಲಿ ಏನಾರ ಆದ್ರೆ ನಿಂಗೆ ಯಾರವ್ವ ಇರ್ತಾರೆ?"

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಉತ್ತರವನ್ನು ಸಿದ್ಧಪಡಿಸಿಕೊಂಡೇ ಹೋಗಿದ್ದೆ. ಟೈರಿನ ಗಾಳಿ, ಚೈನಿನ ಬಿಗಿ, ಬದಲಿ ಕ್ಲಚ್ ಕೇಬಲ್, ನಡುನಡುವೆ ವಿಶ್ರಾಂತಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ.

"ನಾನ್ ಕೇಳಿದ್ದು ಬೈಕಿನ ಮಾತಲ್ಲ," ಎಂದರು ಅಪ್ಪ.

ಕೊನೆಗೆ ಅವ್ವ ರಾಜಿ ಮಾಡಿಸಿದಳು. ಒಂದು ಭಾನುವಾರ ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವವರೆಗೆ ಜಿಲ್ಲೆಯೊಳಗೇ ಓಡಿಸಬೇಕು. ಅದನ್ನು ನೋಡಿ ಅಪ್ಪ ತೀರ್ಮಾನ ಹೇಳಬೇಕು. ಆದಿವಾಲದ ನಮ್ಮ ಮನೆಯಿಂದ ಹೊರಟು ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಮರಳಿ ಹಿರಿಯೂರು. ಹೀಗೆ ಮೂರು ಸುತ್ತು ಎಂದು ನಿಶ್ಚಯಿಸಿದೆ. ಅವ್ವ ಸೀಟಿನ ಮೇಲೆ ಹಳೆಯ ಕಂಬಳಿಯನ್ನು ಮಡಿಸಿ ಬಿಗಿದಳು. ಸ್ಪ್ಯಾನರ್, ಕೇಬಲ್ ತುಂಬಿದ ಚೀಲವನ್ನು ಹಿಂಬದಿಗೆ ನಾನೇ ಕಟ್ಟಿದೆ.

ಎಳೆಬಿಸಿಲಿನಲ್ಲಿ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಎಂಜಿನ್ನಿನ ಸದ್ದು ಒಂದೇ ಸಮನಾಯಿತು. ಹೆಲ್ಮೆಟ್ಟಿನೊಳಗೆ ನಾನು ಜೋರಾಗಿ ಹಾಡುತ್ತಿದ್ದೇನೆಂಬುದು ನನಗೇ ತಡವಾಗಿ ತಿಳಿಯಿತು.

ಹೊಳಲ್ಕೆರೆ ದಾಟಿದ ಮೇಲೆ ಒಂದು ಚಹಾದಂಗಡಿ. ಅಲ್ಲಿ ಇಳಿದು, ಬಗ್ಗಿ ಚೈನು ನೋಡಿ, ಸೊಂಟ ಸಡಿಲವಾಗಲೆಂದು ತಲೆ ತಗ್ಗಿಸಿ ರಸ್ತೆಯಂಚಿನಲ್ಲಿ ಅಡ್ಡಾಡಿದೆ. ಎರಡನೆಯ ಸುತ್ತಿನಲ್ಲಿಯೂ ಅದನ್ನೇ ಮಾಡಿದೆ. ಅಂಗಡಿಯ ಹಿರಿಯರು ಹೊರಗೆ ಬಂದರು.

"ಏನವ್ವಾ, ಏನ್ ಕಳ್ಕಂಡೆ?"

"ಏನೂ ಇಲ್ಲ. ದೂರದ ಸವಾರಿಗೆ ಅಭ್ಯಾಸ ಮಾಡುತ್ತಿದ್ದೇನೆ."

"ಸುಮ್ನೆ ಯಾರಾದ್ರೂ ಪೆಟ್ರೋಲ್ ಸುಡ್ತಾರಾ? ಓಲೆನಾ, ಉಂಗುರನಾ, ಹೇಳು. ಮನೇಲಿ ಬೈತಾರಂತ ಹೆದ್ರಬ್ಯಾಡ."

ಹುಲ್ಲಿನ ಹೊರೆ ಇಳಿಸಿ ಚಹಾ ಕುಡಿಯುತ್ತಿದ್ದ ಹೆಂಗಸು ತೀರ್ಪು ಕೊಟ್ಟಳು: "ಚಿನ್ನಾನೇ ಕಣಣ್ಣ. ಇಲ್ದಿದ್ರೆ ತಿರುಗಿ ಬರ್ತಿದ್ಲಾ?"

ಆಗಲೇ ಎಲ್ಲರ ಕಣ್ಣೂ ನೆಲದ ಮೇಲಿತ್ತು. ಬೈಕ್ ಏರಿ ಅಲ್ಲಿಂದ ಹೊರಟುಬಿಟ್ಟೆ.

ಮೂರನೆಯ ಸುತ್ತಿಗೆ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ದೂರದಿಂದಲೇ ಕಂಡಿತು: ನಾಲ್ಕು ಜನ ಕೋಲು ಹಿಡಿದು ರಸ್ತೆಯಂಚಿನ ಹುಲ್ಲನ್ನು ಸರಿಸುತ್ತಿದ್ದರು. ಈ ಸಲ ನಿಲ್ಲದೆ ಹೋಗಿಬಿಡೋಣವೆಂದು ನಿಜಕ್ಕೂ ಯೋಚಿಸಿದೆ. ಅಷ್ಟರಲ್ಲಿ ಹಿರಿಯರು ಏನನ್ನೋ ಎತ್ತಿ ಹಿಡಿದು ಕೂಗಿದರು.

"ಸಿಕ್ತು ಬಾರವ್ವಾ! ರೋಡ್ ಹಂಪಿನ ಹತ್ರ ಬಿದ್ದಿತ್ತು!"

ನನ್ನದೇ ಚೀಲ! ತಿರುಗಿ ನೋಡಿದರೆ ಬೈಕಿನ ಹಿಂದೆ ದಾರದ ತುದಿ ಮಾತ್ರ ನೇತಾಡುತ್ತಿತ್ತು. ಎರಡನೆಯ ಸಲ ಅಲ್ಲಿಂದ ಹೊರಟಾಗಲೇ ಬಿದ್ದಿರಬೇಕು. ಪೂರ್ತಿ ಒಂದು ಸುತ್ತನ್ನು ನಾನು ಅದಿಲ್ಲದೆಯೇ, ಅದಿದೆಯೆಂಬ ಧೈರ್ಯದಲ್ಲಿ ಮುಗಿಸಿದ್ದೆ.

"ಚಿನ್ನ ಅಂದ್ಕಂಡ್ರೆ ಸ್ಪ್ಯಾನರ್ ಐತೆ!" ಎಂದು ಆ ಹೆಂಗಸು ನಕ್ಕಳು. "ನಮ್ ಹೊರೆ ಇಲ್ಲೇ ಬಿದ್ದೈತೆ ನೋಡು, ನಿನ್ ದೆಸೆಯಿಂದ."

"ಇದ್ನ ಹೇಳಕ್ಕೆ ಅಷ್ಟ್ ನಾಚ್ಕೆ ಯಾಕವ್ವ?" ಎಂದರು ಹಿರಿಯರು. ಅವರು ಸಣಬಿನ ಹಗ್ಗದಿಂದ ಚೀಲವನ್ನು ಬಿಗಿದು ಕಟ್ಟಿ, ಕುಡಿಯದೆ ಹೋಗಕೂಡದೆಂದು ಚಹಾ ಕೈಗಿತ್ತರು.

ಮನೆ ಮುಟ್ಟಿದಾಗ ಅವ್ವ ದೀಪ ಹಚ್ಚುತ್ತಿದ್ದಳು. ಅಪ್ಪ ಬೈಕಿನ ಸುತ್ತ ಒಮ್ಮೆ ನಡೆದರು. ಅವರ ಬೆರಳು ಹಗ್ಗದ ಮೇಲೆ ನಿಂತಿತು.

"ಇದು ನೀನ್ ಹಾಕಿದ್ ಗಂಟಲ್ಲ."

ಮುಚ್ಚಿಡುವುದು ಸರಿಯಲ್ಲವೆಂದು ಎಲ್ಲವನ್ನೂ ಹೇಳಿದೆ. ಚೀಲ ಬಿದ್ದದ್ದು ತಿಳಿಯದವಳನ್ನು ಸಾವಿರ ಕಿಲೋಮೀಟರಿಗೆ ಯಾರು ಕಳಿಸುತ್ತಾರೆ? ಆಸೆ ಬಿಟ್ಟೇ ನಿಂತಿದ್ದೆ.

ಅಪ್ಪ ನಗತೊಡಗಿದರು. ಕಣ್ಣೊರೆಸಿಕೊಂಡು ಕೇಳಿದರು: "ಏನೂ ಕಳ್ದಿಲ್ಲ ಅಂದ್ರೂ ಹುಡುಕ್ತಾನೇ ಇದ್ರಾ?"

"ಹೂಂನಪ್ಪಾ. ನಾಲ್ಕ್ ಜನ."

"ಹಂಗಾರೆ ಹೋಗ್ ಬಾ. ದಾರೀಲಿ ಜನ ಅವ್ರೆ. ಗಂಟು ಮಾತ್ರ ನಾನ್ ಹಾಕ್ಕೊಡ್ತೀನಿ."

ಊಟಕ್ಕೆ ಕುಳಿತುಕೊಳ್ಳೆಂದು ಅವ್ವ ಕರೆದಳು. ಅವಳ ಕಂಬಳಿಗೆ ಅವಮಾನವಾಗಬಾರದೆಂದು ಎಷ್ಟೇ ಬಯಸಿದರೂ, ಆ ರಾತ್ರಿ ನಾನು ಕೂರಲಾಗದೆ ನಗುತ್ತ ನಿಂತೇ ಉಂಡೆ.